ಹಳೆಯ ಕಾರು ಕೊಳ್ಳಬೇಕೆಂದಿರುವ ಎಳೆಯ ದಂಪತಿಗಳಿಗೆ



ಈ ಅಂಕಣದಲ್ಲಿ ಹತ್ತಿಯ ಕಾಯಿಕೊರಕ, ಮಕ್ಕಳ ವಾಂತಿಭೇದಿ, ಬೇಸಿಗೆಯ ಮೇವು ಇಂತಹ ವಿಷಯಗಳನ್ನು ಬರೆಯುತ್ತಾ ಬಂದಿದ್ದೇವೆ. ಈ ಸಲ ಕಾರಿನ ಬಗ್ಗೆ ಬರೆಯುತ್ತಿರುವುದನ್ನು ನೋಡಿ, ಗುರುಗಳಿಗೆ ಏನಾಯಿತು ಎಂದು ಕೆಲವರು ನಗಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಒಂದು ಸಂಜೆ ಜಪಸರ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಂದು ಜೋಡಿ ಗುರುನಿವಾಸಕ್ಕೆ ಬಂದರು. ಮದುವೆಯಾಗಿ ಮೂರು ವರ್ಷ. ಹೆಣ್ಣುಮಗಳು ಐದು ತಿಂಗಳ ಗರ್ಭಿಣಿ. ಹುಡುಗನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಹೊಲದ ಪಟ್ಟಾದಾರ್ ಪಾಸ್ ಪುಸ್ತಕ. ರಾಯಚೂರಿನಲ್ಲಿ ಏಳು ವರ್ಷ ಓಡಿದ ಒಂದು ಕಾರು ನೋಡಿದ್ದಾರೆ, ಬೆಲೆ 2,20,000 ರೂಪಾಯಿ. ಕೈಯಲ್ಲಿರುವುದು 70,000. ಉಳಿದ ಒಂದೂವರೆ ಲಕ್ಷವನ್ನು ಊರಿನ ಸಾಹುಕಾರರೊಬ್ಬರು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಕೊಡಲು ಒಪ್ಪಿದ್ದಾರೆ, ಪಾಸ್ ಪುಸ್ತಕ ಅವರ ಹತ್ತಿರ ಇಡಬೇಕು. "ನಾಳೆ ಪತ್ರಕ್ಕೆ ಸಹಿ ಹಾಕ್ತೀವಿ ಫಾದರ್, ಒಂದು ಪ್ರಾರ್ಥನೆ ಮಾಡ್ರಿ" ಎಂದ ಹುಡುಗ.

ನಮ್ಮ ಬಾಯಿಗೆ ಮೊದಲು ಬಂದದ್ದು ಪ್ರಾರ್ಥನೆಯಲ್ಲ, ಬೈಗುಳ. ಮೂರು ಎಕರೆ ಒಣಬೇಸಾಯದವನಿಗೆ ಕಾರು ಯಾಕೆ, ಪಕ್ಕದ ಮನೆಯವರು ಕೊಂಡರೆಂದು ನಾವೂ ಕೊಳ್ಳಬೇಕೇ ಎಂದು ಶುರುಮಾಡಿದೆವು. ಹುಡುಗ ತಲೆ ತಗ್ಗಿಸಿದ. ಆದರೆ ಆ ಹೆಣ್ಣುಮಗಳು ತಗ್ಗಿಸಲಿಲ್ಲ. "ಹೋದ ವರ್ಷ ರಾತ್ರಿ ನೋವು ಬಂದಾಗ ಆಟೋ ಸಿಕ್ಕಿದ್ದು ಒಂದೂವರೆ ತಾಸಿನ ಮ್ಯಾಲೆ, ಫಾದರ್. ಆ ಕೂಸಿಗೆ ನೀವೇ ಮಣ್ಣು ಕೊಟ್ಟೀರಿ" ಎಂದಳು.

ಹೌದು, ಕೊಟ್ಟಿದ್ದೆವು. ನಮಗೆ ಮರೆತಿತ್ತು. ಆಕೆಗೆ ಮರೆತಿರಲಿಲ್ಲ.

ಆದುದರಿಂದ ಕಾರು ಬೇಕೋ ಬೇಡವೋ ಎಂಬ ಉಪದೇಶವನ್ನು ಅಲ್ಲಿಗೇ ಬಿಟ್ಟು, ಕಾಗದ ಪೆನ್ಸಿಲ್ ತೆಗೆದುಕೊಂಡು ಮೂವರೂ ಲೆಕ್ಕಕ್ಕೆ ಕುಳಿತೆವು. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಪ್ರಭುವಿನ ಮಾತು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಇದೆ. ಆ ರಾತ್ರಿ ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇವೆ. ಕೋಸಗಿ, ಆದೋನಿ, ಮಂತ್ರಾಲಯದ ಕಡೆಯ ಇನ್ನೂ ಹಲವು ಎಳೆಯ ಸಂಸಾರಗಳು ಇದೇ ಚೀಲ ಹಿಡಿದು ಓಡಾಡುತ್ತಿವೆ ಎಂದು ನಮಗೆ ಗೊತ್ತು.

ನೂರಕ್ಕೆ ಎರಡು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. ಒಂದೂವರೆ ಲಕ್ಷಕ್ಕೆ ತಿಂಗಳಿಗೆ 3,000, ವರ್ಷಕ್ಕೆ 36,000. ಮೂರು ವರ್ಷ ತಪ್ಪದೆ ಕಟ್ಟಿದರೆ 1,08,000 ರೂಪಾಯಿ ಹೋಗಿರುತ್ತದೆ, ಆದರೆ ಅಸಲು ಒಂದೂವರೆ ಲಕ್ಷ ಹಾಗೆಯೇ ಕುಳಿತಿರುತ್ತದೆ. ಒಂದು ವರ್ಷ ಮಳೆ ಕೈಕೊಟ್ಟರೆ ಆ ವರ್ಷದ ಬಡ್ಡಿ ಅಸಲಿಗೆ ಸೇರಿ ಅದಕ್ಕೂ ಬಡ್ಡಿ. ಅಷ್ಟರಲ್ಲಿ ಕಾರು ಹತ್ತು ವರ್ಷದ್ದಾಗಿರುತ್ತದೆ, ಪಾಸ್ ಪುಸ್ತಕ ಇನ್ನೂ ಸಾಹುಕಾರರ ಪೆಟ್ಟಿಗೆಯಲ್ಲೇ ಇರುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ನೆಹೆಮೀಯನ ಗ್ರಂಥದ 5ನೇ ಅಧ್ಯಾಯವನ್ನು ಮನೆಯಲ್ಲಿ ಒಮ್ಮೆ ಓದಿ ನೋಡಿ. ಬರಗಾಲದಲ್ಲಿ ಕಾಳು ಕೊಳ್ಳಲು ಜನ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದರು. ನೆಹೆಮೀಯನು ಸಿರಿವಂತರನ್ನು ಸಭೆಯಲ್ಲಿ ನಿಲ್ಲಿಸಿ, ಹೊಲಗಳನ್ನೂ ನೂರಕ್ಕೆ ಒಂದರಂತೆ ಪಡೆದ ಬಡ್ಡಿಯನ್ನೂ ಹಿಂದಿರುಗಿಸಿ ಎಂದು ಪ್ರಮಾಣ ಮಾಡಿಸಿದನು. ಅದು ತಿಂಗಳಿಗೆ ನೂರಕ್ಕೆ ಒಂದು ಎಂದು ಅನೇಕ ಪಂಡಿತರು ಅರ್ಥ ಮಾಡುತ್ತಾರೆ. ಆತನನ್ನು ಸಿಟ್ಟಿಗೆಬ್ಬಿಸಿದ ಬಡ್ಡಿ ಒಂದು ರೂಪಾಯಿ. ನಮ್ಮ ಕಡೆ ಎರಡು ರೂಪಾಯಿಗೆ ಕೊಡುವವರನ್ನು ಧರ್ಮಾತ್ಮರೆಂದು ಕರೆಯುತ್ತಾರೆ!

ಇನ್ನು ಹಳೆಯ ಕಾರಿಗೆಂದೇ ಸಾಲ ಕೊಡುವ ಫೈನಾನ್ಸ್ ಕಂಪನಿಗಳಿವೆ. ಅವರ ಏಜೆಂಟರು ಮನೆಬಾಗಿಲಿಗೇ ಬಂದು "ವರ್ಷಕ್ಕೆ ಬರೀ ಹನ್ನೆರಡು ಪರ್ಸೆಂಟ್" ಎನ್ನುತ್ತಾರೆ. ಅದು ಫ್ಲ್ಯಾಟ್ ಬಡ್ಡಿಯೋ ಇಳಿಯುವ ಅಸಲಿನ ಮೇಲಿನ ಬಡ್ಡಿಯೋ ಎಂದು ಕೇಳಬೇಕು. ಫ್ಲ್ಯಾಟ್ ಎಂದರೆ ನೀವು ಅರ್ಧ ಸಾಲ ತೀರಿಸಿದ ಮೇಲೂ ಪೂರ್ತಿ ಒಂದೂವರೆ ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಮೂರು ವರ್ಷಕ್ಕೆ ಬಡ್ಡಿ 54,000, ತಿಂಗಳ ಕಂತು 5,667. ಇಳಿಯುವ ಅಸಲಿನ ಲೆಕ್ಕದಲ್ಲಿ ನೋಡಿದರೆ ಅದು ನಿಜವಾಗಿ ಶೇಕಡಾ 21ಕ್ಕೂ ಸ್ವಲ್ಪ ಹೆಚ್ಚು. ಅದೇ ಹಣವನ್ನು ಬ್ಯಾಂಕಿನವರು ಶೇಕಡಾ 14ರಂತೆ ಇಳಿಯುವ ಅಸಲಿನ ಮೇಲೆ ಕೊಟ್ಟರೆ ಕಂತು 5,127, ಮೂರು ವರ್ಷದ ಬಡ್ಡಿ ಸುಮಾರು 34,500. ಹನ್ನೆರಡು ದೊಡ್ಡದೋ ಹದಿನಾಲ್ಕು ದೊಡ್ಡದೋ ಎಂದು ನಾವು ಕೇಳಿದಾಗ ಹುಡುಗ ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದ.

"ಐದು ವರ್ಷ ಮಾಡಿದರೆ ಕಂತು ಇನ್ನೂ ಕಮ್ಮಿ ಆಗತ್ತಲ್ಲ ಫಾದರ್?" ಎಂದು ಕೇಳಿದ. ಆಗುತ್ತದೆ, ತಿಂಗಳಿಗೆ 3,490. ಆದರೆ ಒಟ್ಟು ಬಡ್ಡಿ 59,000 ದಾಟುತ್ತದೆ. ಏಳು ವರ್ಷದ ಕಾರಿಗೆ ಐದು ವರ್ಷದ ಸಾಲ ಮಾಡಿದರೆ ಕೊನೆಯ ಕಂತು ಕಟ್ಟುವ ಹೊತ್ತಿಗೆ ಕಾರಿಗೆ ಹನ್ನೆರಡು ವರ್ಷ. ಹಳೆಯ ಕಾರಿಗೆ ಮೂರು ವರ್ಷ ಮೀರಿದ ಸಾಲ ಬೇಡವೆಂಬುದು ನಮ್ಮ ಅಭಿಪ್ರಾಯ. ಮೂರು ವರ್ಷದಲ್ಲಿ ತೀರಿಸಲಾಗದಿದ್ದರೆ ಆ ಕಾರು ನಮ್ಮ ಅಳತೆಯದಲ್ಲ, ಅದಕ್ಕಿಂತ ಅಗ್ಗದ್ದನ್ನು ನೋಡಬೇಕು.

ಈಗ ಒಂದು ಅನುಕೂಲ ಬಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಸಾಲಗಾರನಿಗೆ ಮುಖ್ಯ ಮಾಹಿತಿಗಳ ಒಂದು ಹಾಳೆಯನ್ನು, ಅವನಿಗೆ ತಿಳಿಯುವ ಭಾಷೆಯಲ್ಲಿ, ಕೊಡಲೇಬೇಕು. ಎಲ್ಲ ಶುಲ್ಕಗಳೂ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ಬಡ್ಡಿ ಎಷ್ಟು ಎಂಬುದು ಅದರಲ್ಲಿ ಬರೆದಿರಬೇಕು. ಏಜೆಂಟರ ಬಾಯಿಮಾತು ಬಿಟ್ಟು ಆ ಹಾಳೆ ಕೇಳಿ. ಹತ್ತಿ ಚೆನ್ನಾಗಿ ಬಂದ ವರ್ಷ ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಎಷ್ಟು ಎಂದೂ ಅಲ್ಲೇ ಕೇಳಿ.

ಬ್ಯಾಂಕಿಗೆ ಹೋದರೆ ಸಂಬಳದ ಚೀಟಿ ಕೇಳುತ್ತಾರೆ, ನಮ್ಮಲ್ಲಿ ಎಲ್ಲಿಂದ ಬರಬೇಕು ಎನ್ನುತ್ತೀರಿ. ಪಾಸ್ ಪುಸ್ತಕ, 1-ಬಿ, ಅಡಂಗಲ್ ಪ್ರತಿಗಳನ್ನೂ ಹತ್ತಿ ಮಾರಿದ ಹಣ ಖಾತೆಗೆ ಬಿದ್ದ ಲೆಕ್ಕವನ್ನೂ ತೆಗೆದುಕೊಂಡು ಹೋಗಿ. ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿ ಮಾರಿ ಹಣವನ್ನು ಕೈಯಲ್ಲೇ ತೆಗೆದುಕೊಂಡು ಬರುವ ಅಭ್ಯಾಸದಿಂದ ಆಗುವ ನಷ್ಟ ಇಲ್ಲಿ ಗೊತ್ತಾಗುತ್ತದೆ: ಖಾತೆಯಲ್ಲಿ ಏನೂ ಕಾಣದವನಿಗೆ ಬ್ಯಾಂಕಿನವನು ಏನೆಂದು ಸಾಲ ಕೊಡಬೇಕು? ಸಿಬಿಲ್ ಎಂಬ ಅಂಕವನ್ನೂ ನೋಡುತ್ತಾರೆ, ಅದು 300ರಿಂದ 900ರವರೆಗೆ ಇರುತ್ತದೆ, 750 ದಾಟಿದ್ದರೆ ಒಳ್ಳೆಯದು. ವರ್ಷಕ್ಕೊಮ್ಮೆ ಆ ವರದಿಯನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಅಣ್ಣನ ಸಾಲಕ್ಕೋ ಗೆಳೆಯನ ಸಾಲಕ್ಕೋ ಜಾಮೀನು ನಿಂತು ಮರೆತವರಿಗೆ ಆ ವರದಿ ನೋಡಿದಾಗಲೇ ನೆನಪಾಗುವುದು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದು. ಕಂತು ಪ್ರತಿ ತಿಂಗಳು ಬರುತ್ತದೆ, ಬೆಳೆ ಪ್ರತಿ ತಿಂಗಳು ಬರುವುದಿಲ್ಲ. ನಮ್ಮಲ್ಲಿ ಹಣ ಕಾಣುವುದು ಹತ್ತಿ ಬಿಡಿಸಿದ ಮೇಲೆ ಮೂರು ನಾಲ್ಕು ತಿಂಗಳು. ಆಮೇಲೆ ಸುಗ್ಗಿಗೆಂದು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೋ ತೆಲಂಗಾಣದ ಹತ್ತಿಗೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮನೆಗೆ ಬೀಗ ಹಾಕಿ ಹೋಗುವವರೇ ಹೆಚ್ಚು. ಜೂನ್ ತಿಂಗಳಲ್ಲಂತೂ ಬೀಜ ಗೊಬ್ಬರಕ್ಕೇ ಕೈ ಖಾಲಿ. ಆ ತಿಂಗಳ ಕಂತು ತಪ್ಪಿದರೆ ದಂಡ, ಎರಡು ಮೂರು ತಪ್ಪಿದರೆ ಗಾಡಿ ಎಳೆದುಕೊಂಡು ಹೋಗಲು ಜನ ಬರುತ್ತಾರೆ. (ಹೀಗೆ ಗೂಂಡಾಗಳನ್ನು ಕಳಿಸಿ ವಾಹನ ಕಿತ್ತುಕೊಳ್ಳಬಾರದು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಬೆದರಿಸಿದರೆ ಬೆದರಬೇಡಿ.) ರೈತರಿಗೆ ಆರು ತಿಂಗಳಿಗೊಂದು ಕಂತು ಇಡುತ್ತೀರಾ ಎಂದು ಬ್ಯಾಂಕಿನಲ್ಲಿ ಕೇಳಿ ನೋಡಿ. ಒಪ್ಪದಿದ್ದರೆ ಹತ್ತಿ ಮಾರಿದ ದಿನವೇ ಹನ್ನೆರಡು ಕಂತಿನ ಹಣವನ್ನು ಬೇರೆ ಖಾತೆಗೆ ಹಾಕಿ, ಕಂತು ಅಲ್ಲಿಂದಲೇ ಕಡಿತವಾಗುವಂತೆ ಬರೆದುಕೊಡಿ. ಆ ಖಾತೆಯ ಕಾರ್ಡು ಮನೆಯೊಡತಿಯ ಹತ್ತಿರ ಇರಲಿ. ಗಂಡಸರು ಕೋಪ ಮಾಡಿಕೊಳ್ಳಬಾರದು, ಇದು ಕಂಡು ಹೇಳಿದ ಮಾತು.

ಬೆಳೆಸಾಲ ತೆಗೆದು ಕಾರಿಗೆ ಹಾಕಿದರೆ ಹೇಗೆ? ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7, ಸಕಾಲಕ್ಕೆ ಕಟ್ಟಿದರೆ 4 ಮಾತ್ರ. ಇಷ್ಟು ಅಗ್ಗದ ಹಣ ಲೋಕದಲ್ಲಿ ಬೇರೆಲ್ಲೂ ಇಲ್ಲವೆಂದು ಅದನ್ನೇ ಕಾರಿಗೆ ಹಾಕುವ ಆಸೆ ಹುಟ್ಟುತ್ತದೆ. ಬೇಡ. ಆ ಹಣ ಹೊಲಕ್ಕೆಂದು ಕೊಟ್ಟದ್ದು. ಅದು ಕಾರಿಗೆ ಹೋದರೆ ಬೀಜ ಗೊಬ್ಬರ ಔಷಧವನ್ನು ಅಂಗಡಿಯವರ ಹತ್ತಿರ ಉದ್ದರಿ ತರಬೇಕಾಗುತ್ತದೆ. ಉದ್ದರಿ ಕೊಟ್ಟವನು ಹೇಳಿದ ಬೆಲೆಗೇ ಹತ್ತಿ ಹಾಕಬೇಕಾಗುತ್ತದೆ. ನಾಲ್ಕು ಪರ್ಸೆಂಟಿನ ಸಾಲ ಕೊನೆಗೆ ಮೂವತ್ತು ಆಗಿರುತ್ತದೆ.

ಡ್ವಾಕ್ರಾ ಸಂಘದ ಸಾಲದ ವಿಷಯವೂ ಹಾಗೆಯೇ. ಸಂಘದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದ ಹೆಣ್ಣುಮಕ್ಕಳು ಕಟ್ಟಬೇಕು. ಕಾರು ಬಾಡಿಗೆಗೆ ಓಡಿ ದುಡಿಯುವುದಾದರೆ ಆಲೋಚಿಸಬಹುದು, ಆಗಲೂ ಖಾಸಗಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸಬಾರದು, ಪರ್ಮಿಟ್ ಬೇಕು. ಮನೆಯ ಉಪಯೋಗದ ಕಾರಿಗೆ ನೆರೆಮನೆಯ ತಾಯಂದಿರನ್ನು ಜಾಮೀನು ನಿಲ್ಲಿಸುವುದು ನ್ಯಾಯವಲ್ಲ. ಹಿಂದೆ ಮೈಕ್ರೋ ಫೈನಾನ್ಸ್ ಕಂಪನಿಗಳ ವಸೂಲಿಯ ಕಾಟದಿಂದ ಎಷ್ಟೋ ಮನೆಗಳು ಹಾಳಾಗಿ, 2010ರ ಅಕ್ಟೋಬರಿನಲ್ಲಿ ಆಂಧ್ರ ಪ್ರದೇಶ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ದಿನಗಳನ್ನು ನಮ್ಮ ಹೆಣ್ಣುಮಕ್ಕಳು ಮರೆತಿಲ್ಲ.

ಚೀಟಿ ಹಾಕುವವರಿಗೆ ಒಂದು ಮಾತು. ಇಪ್ಪತ್ತು ಜನ ತಿಂಗಳಿಗೆ 5,000ದಂತೆ ಹಾಕಿದರೆ ಲಕ್ಷದ ಚೀಟಿ. ಮೊದಲ ತಿಂಗಳುಗಳಲ್ಲೇ ಹರಾಜು ಕೂಗಿ ಎಪ್ಪತ್ತೈದು ಸಾವಿರಕ್ಕೆ ಎತ್ತಿದವನು ಕಟ್ಟುವುದು ಹೆಚ್ಚುಕಡಿಮೆ ಸಾಹುಕಾರರ ಬಡ್ಡಿಯೇ. ಕಾದು ಕೊನೆಗೆ ಎತ್ತುವವನಿಗೆ ಅದು ಉಳಿತಾಯ. ಕಾರಿಗೆ ಎರಡು ವರ್ಷ ತಾಳ್ಮೆ ಇದ್ದವರಿಗೆ ಇದು ಕೆಟ್ಟ ದಾರಿಯಲ್ಲ. ಆದರೆ 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ನೋಂದಾಯಿಸಿದ ಚೀಟಿಯೇ ಆಗಿರಬೇಕು. ನಂಬಿಕೆಯ ಮನುಷ್ಯ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ, ಆ ಮನುಷ್ಯ ಊರು ಬಿಟ್ಟ ಮೇಲೆ.

ಸಾಲದ ಸಂಗತಿಯನ್ನು ಗುರುಗಳು ಮಾತಾಡಬಾರದು ಎನ್ನುವವರು ನಮ್ಮ ಧರ್ಮಸಭೆಯ ಚರಿತ್ರೆಯನ್ನು ನೋಡಬೇಕು. ಛೋಟಾನಾಗಪುರದ ಆದಿವಾಸಿಗಳ ಹೊಲ ಸಾಹುಕಾರರ ಪಾಲಾಗುತ್ತಿದ್ದಾಗ ಯೇಸುಸಭೆಯ ಫಾದರ್ ಹಾಫ್‌ಮನ್ 1909ರಲ್ಲಿ ಕಥೋಲಿಕ ಸಹಕಾರಿ ಸಾಲ ಸಂಘವನ್ನು ಕಟ್ಟಿದರು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಅದಕ್ಕೂ ಮೊದಲು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘವನ್ನು ಆರಂಭಿಸಿದ್ದರು. ನಮ್ಮ ಹಾಗೆಯೇ ಮಳೆ ನೋಡಿಕೊಂಡು ಬದುಕುವ ಸೀಮೆ ಅದು.

ಇನ್ನು ಬಂಗಾರ. ಬಂಗಾರ ಅಡವಿಡುವುದನ್ನು ಹೇಳಲು ನಮಗೆ ಸಂಕೋಚವಾಗುತ್ತದೆ, ಆದರೂ ಸಣ್ಣ ಮೊತ್ತಕ್ಕೆ ಬ್ಯಾಂಕಿನ ಬಂಗಾರದ ಸಾಲ ರೈತರಿಗೆ ಹೊಂದುತ್ತದೆ. ವರ್ಷದ ಕೊನೆಗೆ, ಬೆಳೆ ಬಂದಾಗ, ಅಸಲು ಬಡ್ಡಿ ಒಟ್ಟಿಗೆ ಕಟ್ಟಿ ಬಿಡಿಸಿಕೊಳ್ಳಬಹುದು. ಶೇಕಡಾ 10 ಬಡ್ಡಿಯಾದರೆ 40,000ಕ್ಕೆ ವರ್ಷಕ್ಕೆ 4,000. ಅದನ್ನೇ ನೂರಕ್ಕೆ ಎರಡರಂತೆ ತಂದರೆ 9,600. ರಿಸರ್ವ್ ಬ್ಯಾಂಕು 2025ರಲ್ಲಿ ಮಾಡಿದ, 2026ರ ಏಪ್ರಿಲ್ 1ರಿಂದ ಅನ್ವಯಿಸುವ ನಿಯಮದಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇಕಡಾ 85ರವರೆಗೆ ಕೊಡಬಹುದು. ಕೊಡುತ್ತಾರೆಂದು ಅಷ್ಟೂ ತೆಗೆಯಬೇಡಿ. ಕಟ್ಟಲಾಗದೆ ಹರಾಜಾದರೆ ಹೋಗುವುದು ತವರಿನವರು ಹಾಕಿದ ಬಂಗಾರ. ತಾಳಿಯನ್ನಂತೂ ಇಡಕೂಡದು.

ಸಾಲದ ಮಾತು ಸಾಕು, ಕಾಗದದ ಮಾತಿಗೆ ಬರೋಣ. ರಾಯಚೂರು, ಬಳ್ಳಾರಿ, ಬೆಂಗಳೂರಿನ ಕಾರುಗಳು ಅಗ್ಗವೆಂದು ಗಡಿ ದಾಟಿ ಹೋಗಿ ತರುವವರು ನಮ್ಮಲ್ಲಿ ಬಹಳ. ಕೆ.ಎ. 36 ಬೋರ್ಡಿನ ಗಾಡಿಯನ್ನು ಹಾಗೆಯೇ ವರ್ಷಗಟ್ಟಲೆ ಇಲ್ಲಿ ಓಡಿಸುತ್ತಾರೆ. ಕಾನೂನಿನ ಪ್ರಕಾರ ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇದ್ದರೆ ಇಲ್ಲಿ ನೋಂದಾಯಿಸಬೇಕು. ಅದಕ್ಕೆ ಅಲ್ಲಿನ ಆರ್.ಟಿ.ಒ. ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆಯನ್ನು ಮತ್ತೊಮ್ಮೆ ಕಟ್ಟಬೇಕು. ರಾಯಚೂರಿನ ಕಾರು ಆದೋನಿಯ ಕಾರಿಗಿಂತ ಇಪ್ಪತ್ತು ಸಾವಿರ ಅಗ್ಗ ಎಂದು ಕುಣಿಯುವ ಮುನ್ನ ಆ ತೆರಿಗೆ ಎಷ್ಟಾಗುತ್ತದೆಂದು ಕೇಳಿಕೊಂಡು ಬನ್ನಿ. ನಮ್ಮ ಜೋಡಿಯ ಲೆಕ್ಕದಲ್ಲಿ ಈ ಬಾಬತ್ತೇ ಇರಲಿಲ್ಲ.

ಗಾಡಿಯ ಮೇಲೆ ಹಳೆಯ ಸಾಲ ಇದೆಯೇ ಎಂಬುದನ್ನು ಆರ್.ಸಿ. ಪುಸ್ತಕದಲ್ಲಿ ನೋಡಬೇಕು. ಈ ಪಾಠ ನಮಗೇ ಆಗಿದೆ. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ ಹಳ್ಳಿಗಳ ಪೂಜೆಗೆ ಹೋಗಲು ಒಂದು ಹಳೆಯ ಜೀಪು ಕೊಂಡೆವು. ಮಾರಿದವರು ಸಜ್ಜನರಂತೆ ಕಂಡರು, ನಾವು ಎಂಜಿನ್ ನೋಡಿದೆವು, ಟೈರು ನೋಡಿದೆವು, ಕಾಗದ ನೋಡಲಿಲ್ಲ. ಎಂಟು ತಿಂಗಳ ಮೇಲೆ ಫೈನಾನ್ಸಿನವರು ಬಂದು ಇದರ ಮೇಲೆ ನಮ್ಮ ಸಾಲವಿದೆ ಎಂದರು. ಜೀಪು ಹೋಯಿತು, ಭಕ್ತಾದಿಗಳು ಕೊಟ್ಟ ಹಣವೂ ಹೋಯಿತು. ಆ ವರ್ಷ ನಾವು ಸೈಕಲ್ಲಿನಲ್ಲೇ ಪೂಜೆಗೆ ಹೋದೆವು. ಈಗ ಗಾಡಿಯ ನಂಬರು ಹಾಕಿದರೆ ಪರಿವಾಹನ್ ಆ್ಯಪಿನಲ್ಲಿ ನೋಂದಣಿ, ವಿಮೆ, ಸಾಲದ ವಿವರಗಳು ಸಿಗುತ್ತವೆ. ಸಾಲ ತೀರಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆಯೇ ಹಣ ಕೊಡಿ. ಮಾರುವವರು ಫಾರಂ 29, 30ಕ್ಕೆ ಸಹಿ ಹಾಕಬೇಕು. ಗಾಡಿ ನಿಮ್ಮ ಹೆಸರಿಗೆ ಆದ ಮೇಲೆ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಬೇಕು. ಹಾಕದಿದ್ದರೆ ನಿಮ್ಮ ಕಾರಿಗಾದ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ.

ಮಾರುವವರೂ ಎಚ್ಚರವಾಗಿರಬೇಕು. 2009ರಲ್ಲಿ ಆದ ಒಂದು ಅಪಘಾತದ ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿ ಬೇರೆಯವರ ಹತ್ತಿರ ಇತ್ತು, ಆದರೆ ಆರ್.ಸಿ. ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಪರಿಹಾರದ ಹೊಣೆ ಹೆಸರಿದ್ದವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು.

ಕಾರು ಬಂದ ಮೇಲಿನ ಖರ್ಚನ್ನೂ ಆ ರಾತ್ರಿ ಬರೆದೆವು. ತಿಂಗಳಿಗೆ 600 ಕಿಲೋಮೀಟರ್ ಓಡಿದರೆ, ಲೀಟರಿಗೆ ಹದಿನೈದರಂತೆ, 40 ಲೀಟರ್ ಪೆಟ್ರೋಲು. ಲೀಟರಿಗೆ ನೂರು ದಾಟಿರುವ ಈ ಕಾಲದಲ್ಲಿ ನಾಲ್ಕು ಸಾವಿರದ ಮೇಲೆ. ವಿಮೆ, ಟೈರು, ಮೆಕ್ಯಾನಿಕ್ಕು ಬೇರೆ. ಕಂತು ಸೇರಿ ಹತ್ತು ಸಾವಿರದ ಹತ್ತಿರ ಬಂತು. ಇಷ್ಟು ಹಣವನ್ನು ಪ್ರತಿ ತಿಂಗಳು ಹೊರುವ ಮನೆಯವರು ಮೊದಲು ನಿಲ್ಲಿಸುವುದು ಹಾಲು, ಮೊಟ್ಟೆ, ಅತ್ತೆಯ ಬಿ.ಪಿ. ಮಾತ್ರೆ. ಗರ್ಭಿಣಿಗೆಂದು ಕಾರು ತಂದು ಗರ್ಭಿಣಿಯ ಊಟ ಕಡಿಮೆ ಮಾಡಿದರೆ ಏನು ಬಂತು?

ಕೊನೆಗೆ ಅವರು ಆ ಕಾರನ್ನು ಬಿಟ್ಟರು. ಪಾಸ್ ಪುಸ್ತಕ ಚೀಲದಲ್ಲೇ ಮನೆಗೆ ಹಿಂದಿರುಗಿತು. ಒಂದು ತಿಂಗಳು ಹುಡುಕಿದ ಮೇಲೆ ಆದೋನಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಒಬ್ಬರೇ ಓಡಿಸಿದ, ಹನ್ನೆರಡು ವರ್ಷದ, ಎ.ಪಿ. ಬೋರ್ಡಿನ ಕಾರು 1,40,000ಕ್ಕೆ ಸಿಕ್ಕಿತು. ಇಷ್ಟು ಹಳೆಯದಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಇವರಿಗೆ ಬೇಕಾಗಲೂ ಇಲ್ಲ. ಕೈಯಲ್ಲಿದ್ದ 70,000, ಬಳೆಗಳ ಮೇಲೆ ಬ್ಯಾಂಕಿನಿಂದ 40,000, ಹೆಣ್ಣುಮಗಳ ಅಣ್ಣ ಬಡ್ಡಿಯಿಲ್ಲದೆ ಕೊಟ್ಟ 30,000. ಅಣ್ಣನದಾದರೂ ಕಾಗದದಲ್ಲಿ ಬರೆದುಕೊಳ್ಳಿ ಎಂದೆವು, ಬರೆದುಕೊಂಡರು. ಮೂರು ವರ್ಷದ ಮೇಲೆ, ಹದಿನೈದು ತುಂಬಿದಾಗ, ನೋಂದಣಿ ನವೀಕರಿಸಬೇಕು. 2022ರ ಏಪ್ರಿಲಿನಿಂದ ಅದರ ಶುಲ್ಕ 5,000 ಆಗಿದೆ, ತಪಾಸಣೆಯ ಖರ್ಚು ಬೇರೆ. ಅದನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ.

ಆ ಮನೆಯವರಿಗೆ ಹೇಳಿದ ಎರಡು ಆರೋಗ್ಯದ ಮಾತನ್ನು ಎಲ್ಲರಿಗೂ ಹೇಳುತ್ತೇವೆ. ಗರ್ಭಿಣಿಯರು ಸೀಟ್ ಬೆಲ್ಟನ್ನು ಬಿಡಬಾರದು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ತೊಡೆಯ ಬುಡಕ್ಕೆ ಬರಬೇಕು, ಮೇಲಿನ ಪಟ್ಟಿ ಎದೆಗಳ ನಡುವೆ ಹಾಯಬೇಕು. ಹತ್ತಿಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಕಾರಿನಲ್ಲಿ ಜನರ ಜೊತೆ ತರಬೇಡಿ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಒಂದು ಡಬ್ಬಿ ಸೋರಿದರೆ ಕೂಸುಗಳಿಗೆ ಅಪಾಯ. ಮನೆಯಲ್ಲಿ ಕಾರಿದ್ದರೂ ನೋವು ಬಂದ ಕೂಡಲೇ 108ಕ್ಕೆ ಫೋನು ಮಾಡಿ. ಆಂಧ್ರದಲ್ಲಿ 2005ರ ಆಗಸ್ಟ್ 15ರಿಂದ ಇರುವ ಸೇವೆ ಅದು, ಅದರಲ್ಲಿ ಆಮ್ಲಜನಕವೂ ಕಲಿತ ಸಿಬ್ಬಂದಿಯೂ ಇರುತ್ತಾರೆ. ಅದು ಬರುವುದು ತಡವೆಂದು ತಿಳಿದರೆ ಮಾತ್ರ ನಿಮ್ಮ ಗಾಡಿ ತೆಗೆಯಿರಿ.

ಹಳೆಯ ಕಾರೋ ಟ್ರ್ಯಾಕ್ಟರೋ ಕೊಳ್ಳುವ ಆಲೋಚನೆ ಇರುವವರು ಭಾನುವಾರ ಎರಡನೆಯ ಪೂಜೆಯ ನಂತರ ಗುರುನಿವಾಸಕ್ಕೆ ಬರಬಹುದು. ಪೆನ್ಸಿಲ್ ನಮ್ಮಲ್ಲಿದೆ. ಬ್ಯಾಂಕಿನ ಪಾಸ್‌ಬುಕ್ಕು, ಈಗಿರುವ ಸಾಲದ ಕಾಗದಗಳನ್ನು ತನ್ನಿ. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಒಬ್ಬರೇ ಬರಬೇಡಿ.